ನೀರಿಗೇನು ಗೊತ್ತು ಮಟ್ಟ?

"ನೀರು ತನ್ನ ಮಟ್ಟವನ್ನು ತಾನೇ ಕಂಡುಕೊಳ್ಳುತ್ತದೆ." ಶಾಲೆಯಲ್ಲಿ ನಾವೆಲ್ಲ ಉರು ಹೊಡೆದ ಸಾಲು. ನನಗೆ ಈ ಸಾಲಿನ ಮೇಲೆ ವಿಪರೀತ ಸಿಟ್ಟು. ಕಂಡುಕೊಳ್ಳೋದಕ್ಕೆ ನೀರಿಗೇನು ಕಣ್ಣಿದೆಯೇ? ಇದು ವಿಜ್ಞಾನ ಅಲ್ಲ ಸ್ವಾಮೀ, ಬರೀ ಗಾದೆ!

ಮನೆ ಕಟ್ಟುವಾಗ ಮೇಸ್ತ್ರಿಗಳು ಮಟ್ಟ ನೋಡುವ ಪಾರದರ್ಶಕ ಪೈಪನ್ನೇ ತಗೊಳ್ಳಿ. ಎರಡೂ ಬಾಯಿ ತೆರೆದಿದ್ದರೆ ನೀರು ಎರಡೂ ಕಡೆ ಸಮ. ಒಂದು ಬಾಯಿಗೆ ಹೆಬ್ಬೆರಳು ಒತ್ತಿ ಹಿಡಿದು, ಇನ್ನೊಂದನ್ನು ಮೇಲೆತ್ತಿ. ಮಟ್ಟ ಎಲ್ಲಿ ಹೋಯ್ತು? ಅದೇ ನೀರು, ಅದೇ ಪೈಪು. ಬೆರಳ ಕೆಳಗೆ ಸಿಕ್ಕಿಬಿದ್ದ ಗಾಳಿ ನೀರನ್ನು ಏರಗೊಡುತ್ತಿಲ್ಲ, ಅಷ್ಟೇ.

ಪೈಪಿನ ತಳದಲ್ಲಿ ಎರಡೂ ಕಡೆಯ ಒತ್ತಡ ಸಮನಾದಾಗ ಮಾತ್ರ ನೀರು ನಿಲ್ಲುತ್ತದೆ. ಆ ಒತ್ತಡದಲ್ಲಿ ನೀರಿನ ಎತ್ತರದ ಪಾಲೂ ಇದೆ, ಮೇಲಿನ ಗಾಳಿಯ ಪಾಲೂ ಇದೆ. ಗಾಳಿಯದ್ದೇನು ಕಮ್ಮಿ ಪಾಲೇ? ಸಮುದ್ರಮಟ್ಟದಲ್ಲಿ ಸುಮಾರು 10.3 ಮೀಟರ್ ನೀರಿನಷ್ಟು! ಒಂದು ಕಡೆ ಗಾಳಿಯ ಒತ್ತಡ ಶೇಕಡಾ 1ರಷ್ಟು ಹೆಚ್ಚಾದರೆ ಸಾಕು, ನೀರಿನಲ್ಲಿ 10 ಸೆಂಟಿಮೀಟರ್ ವ್ಯತ್ಯಾಸ. ಟಾರಿಚೆಲ್ಲಿ 1644ರಲ್ಲೇ ಇದನ್ನು ಪಾದರಸದಲ್ಲಿ ವಿವರಿಸಿದ್ದ. ಒಂದು ಕಡೆ ಗಾಳಿ, ಇನ್ನೊಂದು ಕಡೆ ನಿರ್ವಾತ. ಪಾದರಸ ಸುಮಾರು 76 ಸೆಂಟಿಮೀಟರ್ ಮೇಲೆ ನಿಂತಿತ್ತು. ಇಷ್ಟು ದೊಡ್ಡ ಪಾಲುದಾರನನ್ನೇ ನಮ್ಮ ಗಾದೆ ನುಂಗಿಬಿಟ್ಟಿದೆ.

"ಚಿಕ್ಕ ಮಕ್ಕಳಿಗೆ ಇಷ್ಟು ಸಾಕು ಬಿಡಿ" ಅನ್ನೋರಿದ್ದಾರೆ. ಸಾಲದು! ಪೈಪಿನ ನಿಂತ ಭಾಗದಲ್ಲಿ, ಪೈಪು ತುಂಬುವಂಥ ಎರಡಿಂಚು ಉದ್ದದ ಗಾಳಿಗುಳ್ಳೆ ಉಳಿದರೆ, ಆ ಕಡೆಯ ನೀರು ಎರಡಿಂಚು ಮೇಲೆ ತೋರಿಸುತ್ತದೆ. ಆ ಗುರುತು ನಂಬಿ ನೆಲ ಹಾಕಿಸಿದರೆ ಬಚ್ಚಲ ನೀರು ನಡುಮನೆಗೆ ಬರುತ್ತೆ. ಅದಕ್ಕೇ ಒಳ್ಳೆ ಮೇಸ್ತ್ರಿ ಪೈಪನ್ನು ತಟ್ಟಿ, ಕೊಡವಿ, ಗುಳ್ಳೆ ಹೋದ ಮೇಲೆಯೇ ಗುರುತು ಹಾಕೋದು. ಗಾದೆ ಉರು ಹೊಡೆದ ನಾವು ಪಕ್ಕದಲ್ಲಿ ನಿಂತು "ಬೇಗ ಮುಗಿಸಪ್ಪಾ" ಅಂತೀವಿ. ವಿಜ್ಞಾನ ಯಾರ ಹತ್ತಿರ ಇದೆ, ನೀವೇ ಹೇಳಿ.

ಇನ್ನು ಮೇಲಾದರೂ ಹೀಗೆ ಕಲಿಸಿ: "ಎರಡೂ ಕಡೆ ಗಾಳಿಯ ಒತ್ತಡ ಒಂದೇ ಇದ್ದು, ನಡುವೆ ಗುಳ್ಳೆ ಇಲ್ಲದಿದ್ದರೆ, ನೀರು ಸಮಮಟ್ಟದಲ್ಲಿ ನಿಲ್ಲುತ್ತದೆ." ಸಾಲು ಉದ್ದ ಆಯ್ತಾ? ಆಗಲಿ. ಜೊತೆಗೆ ನಾಲ್ಕು ಅಡಿ ಪೈಪು ಮಕ್ಕಳ ಕೈಗೆ ಕೊಡಿ. ಹೆಬ್ಬೆರಳು ಅವರ ಹತ್ತಿರಾನೇ ಇರುತ್ತೆ.