ಭೂಗರ್ಭದ ಚಿತ್ರವನ್ನು ಓದುವ ಬಗೆ

ಆಫ್ರಿಕಾ ಖಂಡದ ಪೂರ್ವಭಾಗವು ಮೆಲ್ಲಮೆಲ್ಲನೆ ಸೀಳುತ್ತಿದೆ. 2005ರ ಸೆಪ್ಟೆಂಬರಿನಲ್ಲಿ ಇಥಿಯೋಪಿಯದ ಅಫಾರ್ ಪ್ರದೇಶದಲ್ಲಿ, ಸುಮಾರು 60 ಕಿಲೋಮೀಟರ್ ಉದ್ದದ ಬಿರುಕಿನೊಳಗೆ ಶಿಲಾರಸವು ನುಗ್ಗಿ, ನೆಲವನ್ನು ಕೆಲವೆಡೆ 8 ಮೀಟರಿನವರೆಗೂ ಅಗಲಿಸಿತು. ಆ ರಸದ ಸಂಗ್ರಹವು ಎಷ್ಟು ಆಳದಲ್ಲಿದೆ, ಎಷ್ಟಿದೆ ಎಂಬುದನ್ನು ಕಣ್ಣಿನಿಂದ ಕಾಣಲು ಸಾಧ್ಯವಿಲ್ಲ.

ಇಲ್ಲಿ ನೆರವಿಗೆ ಬರುವುದು ವಿದ್ಯುತ್ಕಾಂತ ವಿಜ್ಞಾನ. ಸೂರ್ಯನಿಂದ ಹರಿದುಬರುವ ಕಣಗಳೂ ಗುಡುಗುಮಿಂಚುಗಳೂ ಭೂಮಿಯ ಕಾಂತಕ್ಷೇತ್ರವನ್ನು ಸದಾ ಕದಲಿಸುತ್ತಿರುತ್ತವೆ. ಬದಲಾಗುವ ಕಾಂತಕ್ಷೇತ್ರವು ವಾಹಕದಲ್ಲಿ ವಿದ್ಯುತ್ತನ್ನು ಪ್ರೇರಿಸುತ್ತದೆಂಬ ಫ್ಯಾರಡೆಯ ನಿಯಮವನ್ನು ವಿದ್ಯಾರ್ಥಿಗಳು ಬಲ್ಲರಷ್ಟೆ. ನೆಲದ ಮೇಲೆ ಕಾಂತಕ್ಷೇತ್ರವನ್ನೂ ವಿದ್ಯುತ್ ಕ್ಷೇತ್ರವನ್ನೂ ಏಕಕಾಲಕ್ಕೆ ಅಳೆದರೆ, ಕೆಳಗಿನ ಶಿಲೆಯ ವಾಹಕತೆಯನ್ನು ಲೆಕ್ಕಹಾಕಬಹುದು. ರಷ್ಯದ ಟಿಖೊನೊವ್ 1950ರಲ್ಲಿಯೂ ಫ್ರಾನ್ಸಿನ ಕಾನ್ಯಾರ್ 1953ರಲ್ಲಿಯೂ ಈ ವಿಧಾನಕ್ಕೆ ತಳಹದಿ ಹಾಕಿದರು. ಕಂಪನವು ನಿಧಾನವಾದಷ್ಟೂ ಅದು ಇಳಿಯುವ ಆಳ ಹೆಚ್ಚು. ಪ್ರತಿರೋಧಕತೆ 100 ಓಮ್-ಮೀಟರ್ ಇರುವ ಶಿಲೆಯಲ್ಲಿ 1 ಸೆಕೆಂಡಿನ ಕಂಪನವು ಸುಮಾರು 5 ಕಿಲೋಮೀಟರ್ ಇಳಿದರೆ, 100 ಸೆಕೆಂಡಿನದು ಸುಮಾರು 50 ಕಿಲೋಮೀಟರ್ ಇಳಿಯುತ್ತದೆ. ಈ ಬಗೆಯ ಅಳತೆಗಳಿಂದಲೇ ಅಫಾರಿನ ಕೆಳಗೆ ಕನಿಷ್ಠ 500 ಘನ ಕಿಲೋಮೀಟರ್ ಶಿಲಾರಸವಿರಬೇಕೆಂದು 2013ರಲ್ಲಿ ವಿಜ್ಞಾನಿಗಳು ಅಂದಾಜು ಮಾಡಿದರು.

ಇದು ಹೆಮ್ಮೆಪಡತಕ್ಕ ಸಾಧನೆ. ಆದರೂ ಒಂದು ಎಚ್ಚರಿಕೆ ಅಗತ್ಯವೆಂದು ನಾವು ಭಾವಿಸುತ್ತೇವೆ. ಉಪಕರಣಗಳ ಅಳತೆಯಿಂದ ದೊರೆತುದು ವಾಹಕತೆ. ಅದನ್ನು ಶಿಲಾರಸವೆಂದುದು ಮಾನವನ ತರ್ಕ. ಉಪ್ಪುಬೆರೆತ ಬಿಸಿನೀರೂ ಜೇಡಿಯ ಖನಿಜಗಳೂ ವಿದ್ಯುತ್ತನ್ನು ಚೆನ್ನಾಗಿಯೇ ಹರಿಯಗೊಡುತ್ತವೆ. ಮೇಲಾಗಿ, ಒಂದೇ ಅಳತೆಗೆ ಹೊಂದುವ ಭೂಗರ್ಭದ ಚಿತ್ರಗಳು ಹಲವಿರಬಹುದು.

ಈ ಭೇದವು ಕೇವಲ ಪಂಡಿತರ ಚರ್ಚೆಯ ವಿಷಯವಲ್ಲ. ಕೀನ್ಯದ ಓಲ್ಕಾರಿಯದಲ್ಲಿ 1981ರಿಂದ ಇದೇ ಸೀಳುಕಣಿವೆಯ ಶಾಖದಿಂದ ವಿದ್ಯುತ್ ತಯಾರಾಗುತ್ತಿದೆ. ಇಂಥ ಒಂದು ಆಳವಾದ ಬಾವಿಗೆ ಕೋಟಿಗಟ್ಟಲೆ ರೂಪಾಯಿ ವೆಚ್ಚ ತಗಲುತ್ತದೆ. ಅನೇಕ ಕಡೆ ಬಿಸಿನೀರಿನ ನೆಲೆಗಿಂತ ಅದರ ಮೇಲೆ ಹಾಸಿದ ಜೇಡಿಯ ಪದರವೇ ಉತ್ತಮ ವಾಹಕ. ಚಿತ್ರದಲ್ಲಿ ಎದ್ದು ಕಾಣುವುದನ್ನೇ ನೀರೆಂದು ನಂಬಿ ಕೊರೆದವರಿಗೆ ಸಿಕ್ಕುವುದು ಜೇಡಿ! ಆದ್ದರಿಂದಲೇ ಭೂಕಂಪದ ಅಲೆಗಳ, ಗುರುತ್ವದ, ಶಿಲಾರಸಾಯನದ ಸಾಕ್ಷ್ಯಗಳನ್ನೂ ಕೂಡಿಸಿ ನೋಡಬೇಕಾಗುತ್ತದೆ.

ಬಣ್ಣಬಣ್ಣದ ಇಂಥ ಚಿತ್ರಗಳು ಇಂದು ವಿದ್ಯಾರ್ಥಿಗಳ ಕೈಗೆ ಸುಲಭವಾಗಿ ಸಿಕ್ಕುತ್ತವೆ. ಅವುಗಳಲ್ಲಿ ಅಳೆದುದೆಷ್ಟು, ಊಹಿಸಿದುದೆಷ್ಟು ಎಂದು ಕೇಳುವ ಅಭ್ಯಾಸವನ್ನು ತರಗತಿಯಲ್ಲಿಯೇ ಬೆಳೆಸಬೇಕು. ಸೂತ್ರಗಳನ್ನು ಬಾಯಿಪಾಠ ಮಾಡಿಸುವುದಕ್ಕಿಂತ ಇದು ದೊಡ್ಡ ವಿದ್ಯೆಯೆಂಬುದು ನಮ್ಮ ದೃಢವಾದ ಅಭಿಪ್ರಾಯ.