ಅಳೆಯುವ ಕೊಳಗ ಯಾರದು?

ಹೋದ ವಾರ ಪತ್ರಿಕೆಯ ಕಟ್ಟುಗಳನ್ನು ಅಂಚೆಗೆ ಹಾಕಿ ಬಂದು ಕುಳಿತಿದ್ದಾಗ ಒಬ್ಬ ತರುಣ ನಮ್ಮ ಕಚೇರಿಯ ಮೆಟ್ಟಿಲು ಹತ್ತಿ ಬಂದ. ಚಂದಾ ಕಟ್ಟಲು ಬಂದವನಲ್ಲ, ಜಗಳ ಕಾಯಲು ಬಂದವನು. ಬಿ.ಎ. ಪಾಸಾಗಿ ಐದು ವರ್ಷ ಕಳೆದಿದೆ. ಮನೆಯಲ್ಲಿ ತಂದೆಯ ಪಾಲಿಗೆ ಒಂದೂವರೆ ಎಕರೆ ಗದ್ದೆ. "ನಿಮ್ಮ ಪತ್ರಿಕೆಯನ್ನು ನಮ್ಮಜ್ಜ ತರಿಸುತ್ತಿದ್ದರು. ನೀವು ಬರೆದದ್ದರಿಂದ ಏನಾಯಿತು, ಹೇಳಿ ಸಾರ್? ಎಲ್ಲ ಪಕ್ಷದವರೂ ಒಂದೇ. ನಾನಂತೂ ಇನ್ನು ಯಾರಿಗೂ ಓಟು ಹಾಕುವುದಿಲ್ಲ" ಎಂದ. ಕಾಫಿ ತರಿಸಿದೆವು. ಕುಡಿಯದೆ ಎದ್ದು ಹೋದ.

ಅವನು ಹೋದ ಮೇಲೆ ಅಲ್ಲಿದ್ದ ಹಿರಿಯರೊಬ್ಬರು, "ಈಗಿನ ಹುಡುಗರಿಗೆ ತಾಳ್ಮೆಯೇ ಇಲ್ಲ" ಎಂದರು. ಈ ಮಾತನ್ನು ನಾವು ಒಪ್ಪಲಾರೆವು. ಈ ರಾಜ್ಯದ ತರುಣರಿಗಿರುವಷ್ಟು ತಾಳ್ಮೆ ಎತ್ತಿಗೂ ಇಲ್ಲ. 2011ರ ಸಾಲಿನ 362 ಗೆಜೆಟೆಡ್ ಹುದ್ದೆಗಳ ಕಥೆಯನ್ನು ನೋಡಿ. ಆಯ್ಕೆಯಲ್ಲಿ ಅಕ್ರಮ ನಡೆದಿದೆಯೆಂದು 2014ರಲ್ಲಿ ಸರ್ಕಾರವೇ ಅದನ್ನು ಕೈಬಿಟ್ಟಿತು. 2022ರಲ್ಲಿ ವಿಧಾನಮಂಡಲವೇ ಕಾಯಿದೆ ಮಾಡಿ ಅದೇ ಆಯ್ಕೆಯನ್ನು ಊರ್ಜಿತಗೊಳಿಸಿತು. ತಪ್ಪು ಯಾರದೇ ಇರಲಿ, ನಡುವೆ ಹನ್ನೊಂದು ವರ್ಷ ಹೋಯಿತು. 545 ಪೊಲೀಸ್ ಸಬ್ ಇನ್ಸ್‌ಪೆಕ್ಟರ್ ಹುದ್ದೆಗಳಿಗೆ 2021ರ ಅಕ್ಟೋಬರಿನಲ್ಲಿ ಲಿಖಿತ ಪರೀಕ್ಷೆ ನಡೆಯಿತು. ಉತ್ತರ ಪತ್ರಿಕೆಗಳನ್ನೇ ತಿದ್ದಿದ ಆರೋಪ ಎದ್ದು, 2022ರ ಏಪ್ರಿಲಿನಲ್ಲಿ ಆಯ್ಕೆ ರದ್ದಾಯಿತು. ಅದೇ ಜುಲೈನಲ್ಲಿ ನೇಮಕಾತಿಯ ಹೊಣೆ ಹೊತ್ತಿದ್ದ ಉನ್ನತ ಪೊಲೀಸ್ ಅಧಿಕಾರಿಯ ಬಂಧನವಾಯಿತು. ಕಳ್ಳರನ್ನು ಹಿಡಿಯುವವರನ್ನು ಆರಿಸುವ ಪರೀಕ್ಷೆಯ ಪಾಡು ಇದು! ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ರಾತ್ರಿ ನಿದ್ದೆಗೆಟ್ಟು ಓದಿ, ಪ್ರಾಮಾಣಿಕವಾಗಿ ಬರೆದು ಪಾಸಾದ ಹುಡುಗ ಹುಡುಗಿಯರೂ ಕಳ್ಳರ ಜೊತೆಗೇ ಮನೆಗೆ ಹೋದರು. ವಯೋಮಿತಿ ಎಂಬುದು ಅರ್ಜಿ ಹಾಕುವವನಿಗೆ ಉಂಟು. ತಡ ಮಾಡುವ ಸರ್ಕಾರಕ್ಕೆ ಅಂಥದೊಂದು ಮಿತಿ ಯಾವ ಕಾಯಿದೆಯಲ್ಲೂ ಬರೆದಿಲ್ಲ.

ಇದಕ್ಕಿಂತ ಕೆಟ್ಟದ್ದು 2024ರಲ್ಲಿ ನಡೆಯಿತು. 384 ಗೆಜೆಟೆಡ್ ಪ್ರೊಬೇಷನರಿ ಹುದ್ದೆಗಳಿಗೆ ಆಗಸ್ಟ್ 27ರಂದು ಲೋಕಸೇವಾ ಆಯೋಗ ಪೂರ್ವಭಾವಿ ಪರೀಕ್ಷೆ ನಡೆಸಿತು. ಕನ್ನಡದ ಪ್ರಶ್ನೆಗಳು ಕನ್ನಡದಲ್ಲಿರಲಿಲ್ಲ. ಇಂಗ್ಲಿಷ್ ವಾಕ್ಯಕ್ಕೆ ಕನ್ನಡ ಅಕ್ಷರ ತೊಡಿಸಿ ನಿಲ್ಲಿಸಿದ್ದರು. ಗದ್ದಲವೆದ್ದ ಮೇಲೆ ಮರುಪರೀಕ್ಷೆಗೆ ಅಪ್ಪಣೆಯಾಯಿತು. ಡಿಸೆಂಬರ್ 29ರಂದು ಅದು ನಡೆಯಿತು. ಆಗಲೂ ಅನುವಾದದಲ್ಲಿ ತಪ್ಪುಗಳು ಬಂದವು. ಇನ್ನೊಮ್ಮೆ ನಡೆಸಲು ಸರ್ಕಾರ ಒಪ್ಪಲಿಲ್ಲ. ಕನ್ನಡವನ್ನು ರಾಜ್ಯದ ಆಡಳಿತ ಭಾಷೆಯೆಂದು 1963ರಲ್ಲೇ ಶಾಸನ ಮಾಡಿಕೊಂಡ ನಾಡಿನಲ್ಲಿ, ತಹಸೀಲ್ದಾರನಾಗಲು ಬಯಸುವ ಹಳ್ಳಿಯ ಹುಡುಗ ತನ್ನ ಭಾಷೆಯ ಪ್ರಶ್ನೆ ತಿಳಿಯದೆ ಪಕ್ಕದ ಇಂಗ್ಲಿಷ್ ಸಾಲನ್ನು ಇಣುಕಿ ನೋಡಬೇಕು. ಇಂಗ್ಲಿಷ್ ಶಾಲೆಯಲ್ಲಿ ಕಲಿತವನಿಗೆ ಆ ತೊಂದರೆಯಿಲ್ಲ. ಗಡಿಯಾರ ಇಬ್ಬರಿಗೂ ಒಂದೇ.

ನಮ್ಮ ಜಿಲ್ಲೆಯ ಹಳಬರಿಗೆ ಇಲ್ಲಿ ಇನ್ನೊಂದು ಅಳತೆಯ ನೆನಪಾಗದಿರದು. 1951ರಲ್ಲಿ ಸಾಗರ ತಾಲೂಕಿನ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತದ್ದು ಯಾವುದೋ ದೊಡ್ಡ ಸಿದ್ಧಾಂತವನ್ನು ಓದಿಕೊಂಡಲ್ಲ. ಗೇಣಿ ಭತ್ತ ಅಳೆಯುವ ಒಡೆಯರ ಕೊಳಗ ದೊಡ್ಡದಾಗಿತ್ತು. ಭತ್ತ ಬೆಳೆದವನದು, ಕೊಳಗ ಒಡೆಯನದು. ಅಳತೆ ಸರಿಯಿರಲಿ ಎಂದದ್ದೇ ಅಪರಾಧವಾಯಿತು. ಗಣಪತಿಯಪ್ಪನವರು ರೈತರನ್ನು ಒಟ್ಟುಗೂಡಿಸಿದರು, ಸಮಾಜವಾದಿಗಳು ಜೊತೆಗೆ ನಿಂತರು, ಡಾ. ಲೋಹಿಯಾ ಬಂದು ಬಂಧನಕ್ಕೊಳಗಾದರು. ಅಕ್ಷರವನ್ನೇ ಕಾಣದ ಆ ಗೇಣಿದಾರರಿಗೂ "ಎಲ್ಲರೂ ಒಂದೇ" ಎಂದು ಬಾಗಿಲು ಹಾಕಿಕೊಳ್ಳಲು ಬೇಕಾದಷ್ಟು ಕಾರಣಗಳಿದ್ದವು. ಮರುವರ್ಷದ ಚುನಾವಣೆಯಲ್ಲಿ ಸಾಗರ-ಹೊಸನಗರದಿಂದ ಅವರು ವಿಧಾನಸಭೆಗೆ ಕಳಿಸಿದ್ದು ಮೂವತ್ತು ತುಂಬದ ಶಾಂತವೇರಿ ಗೋಪಾಲಗೌಡರನ್ನು. ನಮ್ಮ ತರುಣ ಮಿತ್ರ ಏನಾಯಿತು ಎಂದು ಕೇಳಿದನಲ್ಲ, ಅವನ ತಂದೆಯ ಗದ್ದೆ ಅಜ್ಜನಿಗೆ ದಕ್ಕಿದ್ದು 1974ರ ಭೂಸುಧಾರಣಾ ತಿದ್ದುಪಡಿಯಿಂದ. ಅವನೇ ಹಾಗೆಂದ. ಆದರೆ ಇಷ್ಟಕ್ಕೇ ಅವನ ಬಾಯಿ ಮುಚ್ಚಿಸಿದೆವೆಂದು ಬೀಗುವ ಹಾಗಿಲ್ಲ. ಅಜ್ಜನ ಗದ್ದೆ ಮಕ್ಕಳಲ್ಲಿ ಪಾಲಾಗಿ ಒಂದೂವರೆ ಎಕರೆಗೆ ಬಂದಿದೆ. ಕೃಷಿಕರಲ್ಲದವರೂ ಕೃಷಿ ಭೂಮಿ ಕೊಳ್ಳಬಹುದೆಂದು 2020ರಲ್ಲಿ ಕಾಯಿದೆಯನ್ನು ಸಡಿಲಿಸಿದ ಮೇಲೆ ಅದೂ ಎಷ್ಟು ದಿನ ಉಳಿಯುವುದೋ.

ಯುವನಿಧಿಯ ವಿಷಯ ಎರಡೇ ಮಾತು. 2024ರ ಜನವರಿ 12ರಂದು ನಮ್ಮ ಶಿವಮೊಗ್ಗದಲ್ಲೇ ಮೊದಲ ಹಣ ಹಂಚಿದರು: ಪದವೀಧರನಿಗೆ ತಿಂಗಳಿಗೆ 3,000, ಡಿಪ್ಲೊಮಾ ಆದವನಿಗೆ 1,500 ರೂಪಾಯಿ, ಹೆಚ್ಚೆಂದರೆ ಎರಡು ವರ್ಷ. ನಿರುದ್ಯೋಗ ಭತ್ಯೆ ಸಮಾಜವಾದಿಗಳ ಹಳೆಯ ಬೇಡಿಕೆ. ಅದನ್ನು ಭಿಕ್ಷೆಯೆಂದು ಹೀಗಳೆಯುವ ಉಂಡವರ ಗುಂಪಿಗೆ ನಾವು ಸೇರುವುದಿಲ್ಲ. ಆದರೆ 2022-23ಕ್ಕೆ ಮೊದಲು ಪಾಸಾದವರಿಗೆ ಅದು ಇಲ್ಲ. ಅಂದರೆ ಹೆಚ್ಚು ಕಾಲ ಕಾದವನು ಸರ್ಕಾರದ ಲೆಕ್ಕದಲ್ಲಿ ನಿರುದ್ಯೋಗಿಯೇ ಅಲ್ಲ.

ರಾಜಕೀಯಕ್ಕೆ ಇಳಿದು ಸರಿಪಡಿಸು ಎನ್ನೋಣವೇ? ಇಳಿಯಲು ಮೆಟ್ಟಿಲು ಎಲ್ಲಿದೆ? ಹದಿನೆಂಟಕ್ಕೆ ಓಟು ಕೊಟ್ಟದ್ದು 1989ರಲ್ಲಿ. ಇಪ್ಪತ್ತೊಂದಕ್ಕೆ ಪಂಚಾಯತಿಗೆ ನಿಲ್ಲಬಹುದು. ಆದರೆ 2016ರಲ್ಲಿ ಚುನಾಯಿತವಾದ ಜಿಲ್ಲಾ, ತಾಲೂಕು ಪಂಚಾಯತಿಗಳ ಅವಧಿ 2021ರಲ್ಲಿ ಮುಗಿಯಿತು. ಕ್ಷೇತ್ರ ವಿಂಗಡಣೆ, ಮೀಸಲಾತಿ, ನ್ಯಾಯಾಲಯ ಎಂದು ಒಂದಲ್ಲ ಒಂದು ನೆಪ ಹೇಳುತ್ತ 2024 ಮುಗಿದರೂ ಚುನಾವಣೆ ನಡೆಸಲಿಲ್ಲ. ಈ ನಡುವೆ ಆಳುವ ಪಕ್ಷ ಬದಲಾಯಿತು, ನೆಪ ಬದಲಾಗಲಿಲ್ಲ. ಶಾಸಕರಿಗೆ ತಮ್ಮ ಕ್ಷೇತ್ರದಲ್ಲಿ ಇನ್ನೊಬ್ಬ ತರುಣ ತಲೆಯೆತ್ತುವುದು ಬೇಕಿಲ್ಲ, ಅವನು ಸ್ವಂತ ಮಗನಾಗದ ಹೊರತು.

ನಮ್ಮ ಮನೆಯೂ ಶುದ್ಧವಲ್ಲ. ಸಮಾಜವಾದಿಗಳು 1952ರಲ್ಲಿ ಕೂಡಿದೆವು, 1955ರಲ್ಲಿ ಒಡೆದೆವು, 1964ರಲ್ಲಿ ಕೂಡಿ ಮರುವರ್ಷವೇ ಮತ್ತೆ ಒಡೆದೆವು, 1977ರಲ್ಲಿ ಜನತಾ ಪಕ್ಷದಲ್ಲಿ ಕರಗಿದೆವು. ಇಂದು ನಮ್ಮ ಜಿಲ್ಲಾ ಸಮಿತಿಯ ಸಭೆಗೆ ಬಂದು ನೋಡಿದರೆ ಕೂದಲು ಕಪ್ಪಗಿರುವವರು ಚಹಾ ತಂದುಕೊಡುವವರು ಮಾತ್ರ. "ಎಲ್ಲರೂ ಒಂದೇ" ಎಂಬ ಮಾತಿಗೆ ನಾವೂ ಒಂದಿಷ್ಟು ಕಸುವು ತುಂಬಿದ್ದೇವೆ.

ಆದರೂ ಓಟಿನ ವಿಷಯದಲ್ಲಿ ಅವನ ಜೊತೆ ನಮ್ಮ ಜಗಳ ಉಳಿದಿದೆ. ಅವನು ಮತಗಟ್ಟೆಗೆ ಹೋಗದಿದ್ದರೆ ನೋವು ಯಾರಿಗೆ? ನೋಟು ಹಂಚುವವನಿಗೆ ಒಂದು ಲಕೋಟೆ ಉಳಿಯಿತು, ಅಷ್ಟೆ. ಪ್ರಶ್ನೆಪತ್ರಿಕೆ ಮೊದಲು ಕನ್ನಡದಲ್ಲಿ ಸಿದ್ಧವಾಗಲಿ, ಬೇಕಾದವರು ಇಂಗ್ಲಿಷಿಗೆ ಅನುವಾದಿಸಿಕೊಳ್ಳಲಿ. ಸರ್ಕಾರ ತಡಮಾಡಿದಷ್ಟು ವರ್ಷ ಅಭ್ಯರ್ಥಿಯ ವಯೋಮಿತಿಗೆ ಕೂಡಲಿ ಎಂದು ಓಟು ಕೇಳಲು ಬಂದವನನ್ನು ಅಂಗಳದಲ್ಲಿ ನಿಲ್ಲಿಸಿ ಕೇಳಬೇಕಾದವನು ಅವನೇ. ಕಾಗೋಡಿನವರು ಕೇಳಿದ್ದೂ ಒಂದು ಕೊಳಗದ ಪ್ರಶ್ನೆಯನ್ನೇ.

ಜಿಲ್ಲಾ ಪಂಚಾಯತಿಗೆ ಪಕ್ಷ ನಿಲ್ಲಿಸುವ ಅಭ್ಯರ್ಥಿಗಳಲ್ಲಿ ಅರ್ಧದಷ್ಟಾದರೂ ಮೂವತ್ತರೊಳಗಿನವರಿರಬೇಕೆಂಬ ಠರಾವನ್ನು ಬರುವ ಭಾನುವಾರದ ಸಮಿತಿ ಸಭೆಯಲ್ಲಿ ನಾವೇ ಮಂಡಿಸುತ್ತೇವೆ. ಹಿರಿಯರು ಸಿಟ್ಟಾಗುತ್ತಾರೆ, ಆಗಲಿ. ಸಭೆ ಸಂಜೆ ನಾಲ್ಕಕ್ಕೆ, ಇದೇ ಕಚೇರಿಯಲ್ಲಿ. ಆ ತರುಣ ಈ ಸಂಚಿಕೆಯನ್ನು ಓದಿದರೆ ಬರಬೇಕು. ಜಗಳಕ್ಕಾದರೂ ಬರಲಿ, ಕಾಫಿ ಇದ್ದೇ ಇರುತ್ತದೆ.