ಪುಣೆಗೆ ಹೋಗದ ಬುತ್ತಿಚೀಲ

ಹತ್ತಿ ಬಟ್ಟೆಯ ಕೈಚೀಲದ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದದ್ದೇ ತಡ, ಮನೆಯಲ್ಲಿ ಕುಳಿತು ಹೊಲಿಯುವ ಹೆಣ್ಣುಮಕ್ಕಳ ದೆಸೆ ತಿರುಗಿತು ಎಂದು ಬರೆದವರೇ ಬರೆದರು. ತಿರುಗಿಲ್ಲ. 2025ರ ಸೆಪ್ಟೆಂಬರ್ 22ರಿಂದ ಜಾರಿಯಾದ ಆ ಕಡಿತದಿಂದ ಭದ್ರಾ ಹಿನ್ನೀರಿನ ಬಳಿಯ ಲಕ್ಕವಳ್ಳಿಯಂಥ ಊರಿನ ಹೊಲಿಗೆ ಯಂತ್ರಕ್ಕೆ ದಕ್ಕಿದ್ದು ಸೊನ್ನೆ. ವರ್ಷಕ್ಕೆ 40 ಲಕ್ಷದ ವಹಿವಾಟು ಮುಟ್ಟದವರು ಊರಲ್ಲಿ ಮಾರಿದ ಚೀಲಕ್ಕೆ ಆ ಶೇ 12ನ್ನೂ ಕಟ್ಟಬೇಕಿರಲಿಲ್ಲ. ಕಟ್ಟದ ತೆರಿಗೆಯನ್ನು ಇಳಿಸಿ ಬೆನ್ನು ತಟ್ಟಿಕೊಳ್ಳುವುದು ಸುಲಭ.

ಕತ್ತರಿಯಿಂದಲೇ ಲೆಕ್ಕ ಶುರುಮಾಡೋಣ. ಅಜುಮಾ ಬುಕುರೊ ಎಂಬ ಜಪಾನಿ ಬುತ್ತಿಚೀಲಕ್ಕೆ ಬೇಕಾದದ್ದು ಅಗಲದ ಮೂರು ಪಟ್ಟು ಉದ್ದದ ಒಂದು ಪಟ್ಟಿ, ಎರಡು ಹೊಲಿಗೆ. 44 ಇಂಚು ಪನ್ನದ ಬಟ್ಟೆ ಒಂದು ಮೀಟರ್ ತಂದರೆ 30 ಸೆಂ.ಮೀ. ಅಗಲ, 90 ಸೆಂ.ಮೀ. ಉದ್ದದ ಮೂರು ಪಟ್ಟಿ ಏಳುತ್ತವೆ. ಮಡಚಿ ಅಂಚು ಕೂಡಿಸಿದರೆ ಎರಡು ಕಿವಿ ನಿಲ್ಲುತ್ತವೆ. ಡಬ್ಬಿ ಇಟ್ಟು ಕಿವಿಗಳನ್ನು ಗಂಟು ಹಾಕಿದರೆ ಮುಗಿಯಿತು. ಜಿಪ್ ಇಲ್ಲ, ಗುಂಡಿ ಇಲ್ಲ. ಹೊಲಕ್ಕೆ ಹೋಗುತ್ತಿದ್ದ ನಮ್ಮ ಬುತ್ತಿಗಂಟಿನ ದಾಯಾದಿಯೇ ಇದು. ಜಪಾನ್ ತನ್ನ ಗಂಟನ್ನು ಮರೆಯಲು ಬಿಡಲಿಲ್ಲ: 2006ರಲ್ಲಿ ಪರಿಸರ ಸಚಿವೆ ಯುರಿಕೊ ಕೊಯಿಕೆ ಗಂಟು ಕಟ್ಟುವ ಫುರೊಶಿಕಿ ಬಟ್ಟೆಯನ್ನು ತಾವೇ ಹಿಡಿದು ಪ್ರಚಾರಕ್ಕಿಳಿದರು. ಕರ್ನಾಟಕದ ನಾವು 2016ರಲ್ಲಿ ಪ್ಲಾಸ್ಟಿಕ್ ಚೀಲ ನಿಷೇಧಿಸಿ ಕೈತೊಳೆದುಕೊಂಡೆವು.

ಇಂಥ ಚೀಲಕ್ಕೆ ಲಕ್ಕವಳ್ಳಿಯಲ್ಲಿ ಎಷ್ಟು ಗಿರಾಕಿ? ಭದ್ರಾ ಹಿನ್ನೀರು ನೋಡಲು ಬಂದವರು ಒಂದೆರಡು ಕೊಂಡಾರು. ಉಳಿದ ಗಿರಾಕಿ ಪುಣೆ, ಚೆನ್ನೈಗಳಲ್ಲಿದ್ದಾರೆ, ಸಿಗುವುದು ಆ್ಯಪ್‌ನಲ್ಲಿ. ಹೆಚ್ಚು ಮಾತಿಗೆ ಬಾರದ ಗೆರೆ ಇರುವುದು ಇಲ್ಲೇ. ಜಿಎಸ್‌ಟಿ ನೋಂದಣಿ ಇಲ್ಲದ ಸಣ್ಣವರೂ ಆ್ಯಪ್‌ನಲ್ಲಿ ಮಾರಬಹುದೆಂಬ ಅವಕಾಶ 2023ರ ಅಕ್ಟೋಬರ್ 1ರಿಂದ ಇದೆ, ಆದರೆ ರಾಜ್ಯದೊಳಗೆ ಮಾತ್ರ. ಬೆಂಗಳೂರಿಗೆ ನೂರು ಚೀಲ ಕಳಿಸಿ, ಕೇಳುವವರಿಲ್ಲ. ಪುಣೆಗೆ ಒಂದೇ ಒಂದು ಹೋಗಬೇಕೆಂದರೂ ನೋಂದಣಿ ಕಡ್ಡಾಯ. 40 ಲಕ್ಷದ ಮಿತಿ ಅಲ್ಲಿಗೆ ಮುಗಿಯಿತು. ಆಮೇಲೆ ಲಕ್ಕವಳ್ಳಿಯಲ್ಲೇ ಪಕ್ಕದ ಮನೆಗೆ ಮಾರಿದ ಚೀಲಕ್ಕೂ ತೆರಿಗೆ. ಸಣ್ಣ ವ್ಯಾಪಾರಿಗಳಿಗಿರುವ ರಾಜಿ ತೆರಿಗೆ (ಕಾಂಪೊಸಿಷನ್) ಪದ್ಧತಿಯ ಮೊರೆ ಹೋಗೋಣವೆಂದರೆ, ಅದರಲ್ಲಿರುವವರು ಹೊರರಾಜ್ಯಕ್ಕೆ ಮಾರುವಂತೆಯೇ ಇಲ್ಲ.

ಈಗ ಮೂರೇ ಕೆಲಸದ ದಿನಗಳಲ್ಲಿ ನೋಂದಣಿ ಸಿಗುತ್ತದಲ್ಲ ಎಂಬ ವಾದವಿದೆ. 2025ರ ನವೆಂಬರ್ 1ರಿಂದ ಸಿಗುತ್ತಿದೆ, ನಿಜ. ಆದರೆ ಬಾಗಿಲು ಬೇಗ ತೆರೆಯಿತೆಂದು ಒಳಗಿನ ಬಾಡಿಗೆ ಇಳಿಯುವುದಿಲ್ಲ. ತ್ರೈಮಾಸಿಕ ಪದ್ಧತಿ ಆಯ್ದುಕೊಂಡರೂ ವರ್ಷಕ್ಕೆ ಎಂಟು ರಿಟರ್ನ್. ಒಂದು ಚೀಲವೂ ಮಾರದ ತ್ರೈಮಾಸಿಕದಲ್ಲೂ ಸಲ್ಲಿಸಬೇಕು, ತಡವಾದರೆ ದಿನಕ್ಕೆ 20 ರೂಪಾಯಿ ದಂಡ. ಬಟ್ಟೆಗೆ ಕಟ್ಟಿದ ತೆರಿಗೆ ಹಿಂದಕ್ಕೆ ಬರುತ್ತದೆ ಎನ್ನುತ್ತೀರಾ? ಮೀಟರಿಗೆ 200 ರೂಪಾಯಿಯ ಬಟ್ಟೆಯಲ್ಲಿ ಅದು 10 ರೂಪಾಯಿ; ಚೀಲಕ್ಕೆ ಮೂರು ಚಿಲ್ಲರೆ. ಲೆಕ್ಕಿಗರ ಒಂದು ರಿಟರ್ನ್‌ನ ಶುಲ್ಕಕ್ಕೂ ಅದು ಸಾಲದು.

ಕರಕುಶಲ ವಸ್ತುಗಳಿಗೆ ವಿನಾಯಿತಿ ಇದೆಯಲ್ಲ? ಇದೆ. ಅವನ್ನು ನೋಂದಣಿಯಿಲ್ಲದೆ ಹೊರರಾಜ್ಯಕ್ಕೆ ಕಳಿಸಬಹುದು, ಆದರೆ ಆ್ಯಪ್ ಮೂಲಕ ಅಲ್ಲ. ಸಾಲದ್ದಕ್ಕೆ 2018ರ ವ್ಯಾಖ್ಯೆಯ ಪ್ರಕಾರ ಕರಕುಶಲ ವಸ್ತುವಿನಲ್ಲಿ ಗಣನೀಯ ಅಲಂಕಾರ ಇರಬೇಕು. ಅಜುಮಾ ಬುಕುರೊದ ಚೆಂದವಿರುವುದೇ ಅಲಂಕಾರ ಇಲ್ಲದಿರುವುದರಲ್ಲಿ. ಅಂದರೆ, ಚೀಲ ಸೊಗಸಾದಷ್ಟೂ ಕಾನೂನಿನ ಕಣ್ಣಲ್ಲಿ ಅದು ಕರಕುಶಲ ಅಲ್ಲ.

ಆ್ಯಪ್ ಮಾರಾಟಕ್ಕಿರುವ ರಾಜ್ಯದ ಗಡಿ ತೆಗೆದರೆ ತೆರಿಗೆ ತಪ್ಪಿಸಿಕೊಳ್ಳುವವರು ನುಸುಳುತ್ತಾರೆ ಎಂಬ ಭಯ ಬೇಡ. ನೋಂದಣಿ ಇಲ್ಲದವರ ಮಾರಾಟವನ್ನೂ ಆ್ಯಪ್ ಕಂಪನಿಗಳು ಈಗಾಗಲೇ ವರದಿ ಮಾಡುತ್ತಿವೆ. ಯುಪಿಐ ದತ್ತಾಂಶ ಹಿಡಿದು 2025ರ ಜುಲೈನಲ್ಲಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಬಲ್ಲ ವಾಣಿಜ್ಯ ತೆರಿಗೆ ಇಲಾಖೆಗೆ, ಬುತ್ತಿಚೀಲ ಎಣಿಸುವುದು ದೊಡ್ಡ ಮಾತಲ್ಲ. ಆ ನೋಟಿಸಿಗೆ ಹೆದರಿ ಬೆಂಗಳೂರಿನ ಅಂಗಡಿಗಳು ನಗದು ಮಾತ್ರ ಎಂಬ ಬೋರ್ಡು ತಗುಲಿಸಿದ್ದು ನೆನಪಿರಲಿ.

ಜಿಎಸ್‌ಟಿ ಮಂಡಳಿಯಲ್ಲಿ ಕರ್ನಾಟಕದ ದನಿಯಾಗಿರುವ ಸಚಿವ ಕೃಷ್ಣ ಬೈರೇಗೌಡರು ಅಲ್ಲಿ ಕೇಳಬೇಕಾದದ್ದು ಇನ್ನೊಂದು ದರ ಕಡಿತವನ್ನಲ್ಲ. ಮನೆಯಲ್ಲಿ ಹೊಲಿದದ್ದಕ್ಕೆ 20 ಲಕ್ಷದವರೆಗೆ ಆ್ಯಪ್‌ನಲ್ಲೂ ರಾಜ್ಯದ ಗಡಿ ಅಡ್ಡ ಬರಬಾರದು, ಅಲಂಕಾರದ ಷರತ್ತು ಹೋಗಬೇಕು. ಎರಡೇ ತಿದ್ದುಪಡಿ, ಆ ಚೀಲದ ಎರಡು ಹೊಲಿಗೆಯ ಹಾಗೆ.